ಮನೆ ಅಂಗಳದಲ್ಲೇ ಕಾರಿನ ಕ್ಲಚ್ ಬದಲಾಯಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

2024ರ ಸಂಕ್ರಾಂತಿಗೆ ಎರಡನೇ ಶನಿವಾರ, ಭಾನುವಾರ ಸೇರಿ ಮೂರು ದಿನ ರಜೆ ಸಿಕ್ಕಿತ್ತು. ಹಾಸನದ ನಮ್ಮ ಮನೆ ಮುಂದೆ ಮಾರುತಿ 800ರ ಗೇರ್ ಬಾಕ್ಸ್ ಇಳಿಸಿ ಕ್ಲಚ್ (ಎಂಜಿನ್ನನ್ನೂ ಗೇರ್ ಬಾಕ್ಸನ್ನೂ ಸೇರಿಸುವ, ಬಿಡಿಸುವ ಭಾಗ) ಬದಲಾಯಿಸಿದೆವು. ಅಪ್ಪ, ಅಮ್ಮ, ತಮ್ಮ, ನಾನು, ಹತ್ತನೇ ಕ್ಲಾಸಿನಲ್ಲಿದ್ದ ನನ್ನ ಮಗಳು, ಇಷ್ಟೇ ಜನ. ಆಮೇಲೆ ನೆಂಟರು, ತಮ್ಮನ ಸ್ನೇಹಿತರು, ನಮ್ಮ ಬೀದಿಯವರು ಕೇಳಿದ್ದನ್ನೇ ಕೇಳುತ್ತಿದ್ದಾರೆ. ಎಲ್ಲರಿಗೂ ಫೋನಿನಲ್ಲಿ ತುಂಡು ತುಂಡಾಗಿ ಹೇಳುವ ಬದಲು ಇಲ್ಲಿ ಬರೆದಿದ್ದೇನೆ.

ಗ್ಯಾರೇಜಿಗೆ ಕೊಟ್ಟರೆ ಅರ್ಧ ದಿನದ ಕೆಲಸ. ಮನೆಯಲ್ಲಿ ಯಾಕೆ ಮಾಡಿದಿರಿ?

ಅಪ್ಪನಿಗೆ ಆಸೆ ಇತ್ತು. ಅವರು ಕೆಲಸದಲ್ಲಿದ್ದಾಗ ಸ್ಕೂಟರ್, ಪಂಪ್‌ಸೆಟ್ ಎಲ್ಲ ತಾವೇ ಬಿಚ್ಚಿ ಸರಿ ಮಾಡುತ್ತಿದ್ದವರು. ಈಗ ಮಂಡಿ ನೋವು, ಬಗ್ಗುವುದು ಕಷ್ಟ. ಕೆಲಸ ಗೊತ್ತು, ಮೈ ಕೇಳುವುದಿಲ್ಲ. ನಮಗೆ ಮೈ ಕೇಳುತ್ತದೆ, ಕೆಲಸ ಗೊತ್ತಿಲ್ಲ. ಎರಡೂ ಸೇರಿದರೆ ಆಗುತ್ತದೆ ಅನ್ನಿಸಿತು. ದುಡ್ಡು ಉಳಿಯಿತು ನಿಜ, ಆದರೆ ಬರೀ ದುಡ್ಡಿಗೋಸ್ಕರ ಆಗಿದ್ದರೆ ನಾನು ಗ್ಯಾರೇಜಿಗೇ ಕೊಡುತ್ತಿದ್ದೆ.

ಕ್ಲಚ್ಚೇ ಹೋಗಿದೆ ಅಂತ ಹೇಗೆ ಗೊತ್ತಾಯಿತು?

ಧರ್ಮಸ್ಥಳಕ್ಕೆ ಹೋಗಿ ಶಿರಾಡಿ ಘಾಟಿಯಲ್ಲಿ ವಾಪಸ್ ಬರುತ್ತಿದ್ದೆವು. ಗುಂಡ್ಯ ದಾಟಿ ಹತ್ತುವಾಗ ಎಂಜಿನ್ ಶಬ್ದ ಏರುತ್ತದೆ, ಕಾರು ಮಾತ್ರ ಏರುವುದಿಲ್ಲ. ಸುಟ್ಟ ವಾಸನೆ ಬೇರೆ. ದೋಣಿಗಲ್ ತಲುಪುವಷ್ಟರಲ್ಲಿ ಎರಡು ಸಲ ನಿಲ್ಲಿಸಿ ತಣ್ಣಗೆ ಮಾಡಿಕೊಂಡೆವು.

ಮನೆಗೆ ಬಂದು ಅಪ್ಪ ಒಂದು ಪರೀಕ್ಷೆ ಮಾಡಿಸಿದರು. ಸಮತಟ್ಟಾದ ಜಾಗ, ಮುಂದೆ ಯಾರೂ ಇರಬಾರದು. ಹ್ಯಾಂಡ್‌ಬ್ರೇಕ್ ಗಟ್ಟಿಯಾಗಿ ಎಳೆದು, ಟಾಪ್ ಗೇರ್ ಹಾಕಿ, ಕ್ಲಚ್ಚನ್ನು ನಿಧಾನವಾಗಿ ಬಿಡಬೇಕು. ಕ್ಲಚ್ ಚೆನ್ನಾಗಿದ್ದರೆ ಎಂಜಿನ್ ಆಫ್ ಆಗುತ್ತದೆ. ನಮ್ಮದು ಆರಾಮಾಗಿ ಓಡುತ್ತಲೇ ಇತ್ತು. ಈ ಪರೀಕ್ಷೆಯನ್ನು ಪದೇ ಪದೇ ಮಾಡಬೇಡಿ, ಉಳಿದ ಕ್ಲಚ್ ಪ್ಲೇಟೂ ಸುಡುತ್ತದೆ. ಇನ್ನೊಂದು ವಿಷಯ. ಕೇಬಲ್ ಬಿಗಿ ಜಾಸ್ತಿಯಾಗಿದ್ದರೂ ಕ್ಲಚ್ ಹೀಗೇ ಜಾರುತ್ತದೆ. ಮೊದಲು ಪೆಡಲಿನ ಸಡಿಲ, ಅಂದರೆ ಒತ್ತಿದಾಗ ಕ್ಲಚ್ಚಿಗೆ ತಾಗುವ ಮುಂಚಿನ ಆಟ, ನೋಡಿ. ಕೇಬಲ್ ಅಡ್ಜಸ್ಟ್ ಮಾಡಿದರೆ ಸರಿಹೋಗುವ ಕಾರಿನ ಗೇರ್ ಬಾಕ್ಸ್ ಇಳಿಸುವುದು ಬೇಡ.

ಯಾವ ಕಾರನ್ನು ಬೇಕಾದರೂ ಹೀಗೆ ಮನೆಯಲ್ಲಿ ಬಿಚ್ಚಬಹುದಾ?

ಇಲ್ಲ. ನಮ್ಮದು 2008ರ ಮಾಡೆಲ್ 800. 796 ಸಿಸಿ, ಮೂರು ಸಿಲಿಂಡರಿನ ಪುಟ್ಟ ಎಂಜಿನ್. 1983ರ ಡಿಸೆಂಬರಿನಲ್ಲಿ ಬಂದ ಕಾರು, 2014ರ ಜನವರಿಯಲ್ಲಿ ತಯಾರಿಕೆ ನಿಂತಿತು. ಮೂವತ್ತು ವರ್ಷ ಓಡಿದ ಕಾರಾದ್ದರಿಂದ ಸ್ಪೇರ್ ಸಿಗುತ್ತದೆ, ಗೊತ್ತಿರುವ ಮೆಕ್ಯಾನಿಕ್ ಎಲ್ಲ ಊರಲ್ಲೂ ಇದ್ದಾರೆ. ಬಾನೆಟ್ ಎತ್ತಿದರೆ ಕೈ ಹೋಗುವಷ್ಟು ಜಾಗವೂ ಇದೆ.

ಮನೆಯಲ್ಲಿ ಮುಟ್ಟಲೇಬಾರದು ಅಂತ ನಾನು ಹೇಳುವುದು ಇವನ್ನು. ಏರ್‌ಬ್ಯಾಗ್ ಮತ್ತು ಅದರ ವೈರಿಂಗ್. ಹೈಬ್ರಿಡ್, ಎಲೆಕ್ಟ್ರಿಕ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್. ಅದರಲ್ಲಿ ಓಡುವ ವೋಲ್ಟೇಜ್ ಪ್ರಾಣ ತೆಗೆಯುತ್ತದೆ. ಕಾಮನ್ ರೈಲ್ ಡೀಸೆಲ್ ಎಂಜಿನ್ನಿನ ಇಂಜೆಕ್ಟರ್ ಪೈಪ್; ಓಡುವಾಗ ಒಳಗಿನ ಒತ್ತಡ 1,000 ಬಾರ್ ದಾಟುತ್ತದೆ, ಸಣ್ಣ ತೂತಿನಿಂದ ಚಿಮ್ಮಿದ ಡೀಸೆಲ್ ಚರ್ಮದ ಒಳಕ್ಕೇ ಹೋಗುತ್ತದೆ. ಎಸಿ ಗ್ಯಾಸ್. ಮುಂದಿನ ಸಸ್ಪೆನ್ಷನ್ನಿನ ಸ್ಪ್ರಿಂಗನ್ನು, ಅದನ್ನು ಅದುಮಿ ಹಿಡಿಯುವ ಕಂಪ್ರೆಸರ್ ಟೂಲ್ ಇಲ್ಲದೆ ಬಿಚ್ಚುವುದು. ವಾರಂಟಿ ಇರುವ ಕಾರಿನ ಮಾತೇ ಬೇಡ.

ಕಾರಿನ ಕೆಳಗೆ ಹೋಗಲು ಭಯವಾಗುತ್ತದೆ. ನಿಜವಾಗಲೂ ಸೇಫಾ?

ಭಯ ಇರಲಿ, ಒಳ್ಳೆಯದೇ. ಈ ಪ್ರಶ್ನೆಗೆ ಉತ್ತರ ಉದ್ದ ಇದೆ. ಪೂರ್ತಿ ಓದಿ.

ಕೆಲವು ವರ್ಷದ ಹಿಂದೆ ಮಳೆಗಾಲದಲ್ಲಿ ಬ್ರೇಕ್ ಪ್ಯಾಡ್ ಬದಲಾಯಿಸಲು ಕಾರನ್ನು ಮಣ್ಣಿನ ಜಾಗದಲ್ಲಿ ಜಾಕ್ ಹಾಕಿ ಎತ್ತಿದ್ದೆವು. ಚಕ್ರ ಬಿಚ್ಚಿ ಪಕ್ಕಕ್ಕಿಟ್ಟು ಕಾಫಿ ಕುಡಿಯಲು ಒಳಗೆ ಹೋದೆವು. ಹೊರಗೆ ಧಡ್ ಅಂತ ಶಬ್ದ. ಜಾಕ್ ಮಣ್ಣಿನಲ್ಲಿ ಹೂತು ವಾಲಿ, ಕಾರು ಡಿಸ್ಕಿನ ಮೇಲೆ ಕೂತಿತ್ತು. ಕೆಳಗೆ ಯಾರೂ ಇರಲಿಲ್ಲ. ಐದು ನಿಮಿಷ ಮುಂಚೆ ತಮ್ಮನ ತೋಳು ಅಲ್ಲೇ ಇತ್ತು. ಅವತ್ತಿನಿಂದ ನಮ್ಮ ಮನೆಯಲ್ಲಿ ಇದಕ್ಕೆ ರಿಯಾಯಿತಿ ಇಲ್ಲ.

ಜಾಕ್ ಇರುವುದು ಎತ್ತುವುದಕ್ಕೆ ಮಾತ್ರ. ಎತ್ತಿದ ಮೇಲೆ ಕಾರಿನ ಭಾರ ಜಾಕ್ ಸ್ಟ್ಯಾಂಡಿನ (ಕಾರನ್ನು ಹೊತ್ತು ನಿಲ್ಲುವ ಕಬ್ಬಿಣದ ಕಾಲು) ಮೇಲೆ ಕೂರಬೇಕು. 800ರ ತೂಕ ಸುಮಾರು 650 ಕಿಲೋ. ಚಿಕ್ಕ ಕಾರು ಅಂತ ಸಲುಗೆ ತೆಗೆದುಕೊಳ್ಳಬೇಡಿ. ನೆಲ ಕಾಂಕ್ರೀಟ್ ಆಗಿರಬೇಕು, ಸಮವಾಗಿರಬೇಕು. ಹಿಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಮರದ ತುಂಡು ಕೊಡಿ, ಹ್ಯಾಂಡ್‌ಬ್ರೇಕ್ ಹಾಕಿ. ಸ್ಟ್ಯಾಂಡ್ ಕೂರಿಸಬೇಕಾದ ಜಾಗ ಮ್ಯಾನ್ಯುವಲ್‌ನಲ್ಲಿ ಇರುತ್ತದೆ. ತುಕ್ಕು ಹಿಡಿದ ತಗಡಿನ ಕೆಳಗೆ ಇಟ್ಟರೆ ಅದು ಒಳಕ್ಕೆ ನುಗ್ಗುತ್ತದೆ. ಆಮೇಲೆ ಕಾರನ್ನು ಎರಡು ಕೈಯಲ್ಲಿ ಹಿಡಿದು ಜೋರಾಗಿ ಅಲ್ಲಾಡಿಸಿ. ಬೀಳುವುದಿದ್ದರೆ ಆಗಲೇ ಬೀಳಲಿ. ಬಿಚ್ಚಿದ ಚಕ್ರಗಳನ್ನು ಬಾಗಿಲ ಕೆಳಗೆ ಮಲಗಿಸಿಡಿ, ಸ್ಟ್ಯಾಂಡ್ ಕೈಕೊಟ್ಟರೂ ಒಂದಿಷ್ಟು ಜಾಗ ಉಳಿಯುತ್ತದೆ.

ಇಟ್ಟಿಗೆ, ಹಾಲೋ ಬ್ಲಾಕ್, ಸೈಜುಗಲ್ಲು ಪೇರಿಸಿ ಅದರ ಮೇಲೆ ಕಾರು ನಿಲ್ಲಿಸುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಹಾಲೋ ಬ್ಲಾಕ್ ಬಿರುಕು ಬಿಟ್ಟು ಎಚ್ಚರಿಕೆ ಕೊಡುವುದಿಲ್ಲ, ಒಂದೇ ಸಲಕ್ಕೆ ಪುಡಿಯಾಗುತ್ತದೆ. ಸ್ಟ್ಯಾಂಡ್ ಕೊಳ್ಳಲು ದುಡ್ಡಿಲ್ಲ ಅನ್ನುವವರು ಈ ಕೆಲಸವನ್ನೇ ಮುಂದೂಡಿ.

ಮತ್ತೂ ಒಂದು ಮಾತು. ಒಬ್ಬರು ಕೆಳಗಿರುವಾಗ ಇನ್ನೊಬ್ಬರು ಹತ್ತಿರವೇ ಇರಬೇಕು, ಮಾತಾಡುತ್ತಾ ಇರಬೇಕು.

ಮನೆಯವರಲ್ಲಿ ಯಾರಿಗೆ ಯಾವ ಕೆಲಸ ಕೊಡಬೇಕು?

ಇಡೀ ಕೆಲಸ ನಿಂತಿರುವುದು ಇದರ ಮೇಲೆ. ಎಲ್ಲರೂ ಎಲ್ಲ ಕೆಲಸಕ್ಕೆ ಕೈ ಹಾಕಿದರೆ ಬೋಲ್ಟ್ ಕಳೆದುಹೋಗುತ್ತದೆ, ಬೆರಳು ಜಜ್ಜುತ್ತದೆ. ನಾವು ಹಿಂದಿನ ರಾತ್ರಿ ಊಟಕ್ಕೆ ಕೂತಾಗಲೇ ಕೆಲಸ ಹಂಚಿಕೊಂಡೆವು.

ಅಪ್ಪನಿಗೆ ಒಂದು ಪ್ಲಾಸ್ಟಿಕ್ ಕುರ್ಚಿ, ಕೈಯಲ್ಲಿ ಮ್ಯಾನ್ಯುವಲ್, ಇನ್ನೊಂದು ಕೈಯಲ್ಲಿ ಟಾರ್ಚ್. ಅವರು ಹೇಳುವ ತನಕ ಯಾರೂ ಯಾವ ಬೋಲ್ಟನ್ನೂ ಬಿಚ್ಚುವ ಹಾಗಿಲ್ಲ. ತಮ್ಮ ಕಾರಿನ ಕೆಳಗೆ. ನಾನು ಮೇಲಿನಿಂದ ಬ್ಯಾಟರಿ, ಏರ್ ಫಿಲ್ಟರ್, ಸ್ಟಾರ್ಟರ್ ಮೋಟಾರ್ ಬಿಚ್ಚುವುದು. ಮಗಳು ಫೋಟೋ ಮತ್ತು ಲೆಕ್ಕ. ಬಿಚ್ಚುವ ಮುಂಚೆ ಒಂದು ಫೋಟೋ, ಬಿಚ್ಚಿದ ಮೇಲೆ ಒಂದು. ನೋಟ್‌ಬುಕ್ಕಿನಲ್ಲಿ ನಂಬರ್ ಹಾಕಿ ಬರೆಯುತ್ತಿದ್ದಳು: "14. ಸ್ಟಾರ್ಟರ್, 2 ಬೋಲ್ಟ್, ಉದ್ದದ್ದು ಮೇಲೆ." ಜೋಡಿಸುವಾಗ ಅದೇ ಪಟ್ಟಿಯನ್ನು ಕೊನೆಯಿಂದ ಓದಿದರೆ ಆಯಿತು.

ಸಣ್ಣ ನಟ್‌ಗಳಿಗೆ ಅಮ್ಮ ಹಳೇ ಇಡ್ಲಿ ತಟ್ಟೆ ಕೊಟ್ಟರು. ಒಂದೊಂದು ಗುಳಿಗೆ ಒಂದೊಂದು ಜಾಗದ ನಟ್. ಗೇರ್ ಬಾಕ್ಸಿನ ಬೋಲ್ಟ್‌ಗಳ ಉದ್ದ ಬೇರೆ ಬೇರೆ. ಅದಕ್ಕೆ ರಟ್ಟಿನ ಮೇಲೆ ಗೇರ್ ಬಾಕ್ಸಿನ ಆಕಾರ ಬರೆದು, ಯಾವ ಬೋಲ್ಟ್ ಎಲ್ಲಿಂದ ಬಂತೋ ಅಲ್ಲೇ ತೂತು ಮಾಡಿ ಚುಚ್ಚಿಟ್ಟೆವು.

ಕಾರಿನ ಕೀ ಅಮ್ಮನ ಸೆರಗಿನ ಗಂಟಿನಲ್ಲಿ ಇತ್ತು. ಮೂರು ದಿನವೂ. ಸುಮ್ನೆ ಅಲ್ಲ. ಗೇರ್ ಆಯಿಲ್ ಹಾಕದೆ ಅಥವಾ ಯಾರದ್ದೋ ಕೈ ಒಳಗಿರುವಾಗ ಇನ್ಯಾರೋ ಸ್ಟಾರ್ಟ್ ಮಾಡಬಾರದು ಅಂತ. ಪಟ್ಟಿಯ ಎಲ್ಲ ನಂಬರಿಗೂ ಟಿಕ್ ಬಿದ್ದಿದೆ ಅಂತ ಮಗಳು ಹೇಳಿದ ಮೇಲೆಯೇ ಅವರು ಗಂಟು ಬಿಚ್ಚಿದ್ದು.

ನಮ್ಮನೆಯಲ್ಲಿ ಅಪ್ಪ ಮಗ ಸೇರಿದರೆ ಜಗಳವೇ. ಏನು ಮಾಡುವುದು?

ನಮ್ಮನೆಯಲ್ಲೂ ಆಯಿತು. ಎರಡನೇ ದಿನ ಮಧ್ಯಾಹ್ನ ಒಂದು ಬೋಲ್ಟ್ ಬರಲಿಲ್ಲ. ತಮ್ಮ ಸುತ್ತಿಗೆ ಅಂದ, ಅಪ್ಪ ಎಣ್ಣೆ ಬಿಟ್ಟು ಕಾಯಿ ಅಂದರು. ಧ್ವನಿ ಏರಿತು. ಅಮ್ಮ ಇಬ್ಬರನ್ನೂ ಊಟಕ್ಕೆ ಎಬ್ಬಿಸಿದರು. ಊಟ ಮುಗಿಸಿ ಬಂದಾಗ ಎಣ್ಣೆ ಇಳಿದಿತ್ತು, ಬೋಲ್ಟ್ ಬಂತು.

ನಮಗೆ ಉಪಯೋಗಕ್ಕೆ ಬಂದ ಎರಡು ಕಟ್ಟುಪಾಡು ಹೇಳುತ್ತೇನೆ. ಕೊನೇ ಮಾತು ಯಾರದ್ದು ಅಂತ ಮೊದಲೇ ತೀರ್ಮಾನ ಆಗಿರಬೇಕು. ಆದರೆ "ನಿಲ್ಲಿಸಿ" ಅನ್ನುವ ಅಧಿಕಾರ ಎಲ್ಲರಿಗೂ ಇರಬೇಕು, ಎಲ್ಲರಿಗಿಂತ ಚಿಕ್ಕವಳಾದ ಮಗಳಿಗೂ. ಅವಳು ನಿಲ್ಲಿಸಿ ಅಂದರೆ ಯಾಕೆ ಅಂತ ಕೇಳುವ ಮುಂಚೆ ಕೈ ನಿಲ್ಲಬೇಕು. ಒಮ್ಮೆ ಅವಳು ಹಾಗೆ ಕೂಗಿದ್ದಕ್ಕೇ ರಿವರ್ಸ್ ಲೈಟಿನ ವೈರ್ ಬಿಚ್ಚದೆ ಗೇರ್ ಬಾಕ್ಸ್ ಎಳೆಯುವುದು ತಪ್ಪಿತು.

ಟೂಲ್ಸ್ ಏನೇನು ಬೇಕು?

ಒಳ್ಳೆಯ ಸಾಕೆಟ್ ಸೆಟ್, ರಿಂಗ್ ಸ್ಪ್ಯಾನರ್ ಸೆಟ್, ಉದ್ದ ಹಿಡಿಯ ಲಿವರ್, ಟ್ರಾಲಿ ಜಾಕ್, ಒಂದು ಜೊತೆ ಸ್ಟ್ಯಾಂಡ್, ಬೋಲ್ಟಿನ ಬಿಗಿ ಅಳೆಯುವ ಟಾರ್ಕ್ ವ್ರೆಂಚ್, ಕ್ಲಚ್ ಪ್ಲೇಟ್ ನಡುವಿಗೆ ಕೂರಿಸುವ ಕಡ್ಡಿ. ಟಾರ್ಕ್ ವ್ರೆಂಚನ್ನು ಪರಿಚಯದ ಮೆಕ್ಯಾನಿಕ್ ಎರಡು ದಿನಕ್ಕೆ ಕೊಟ್ಟರು. ಕಣ್ಣಿಗೆ ಕನ್ನಡಕ ಕಡ್ಡಾಯ. ಕೆಳಗೆ ಮಲಗಿದಾಗ ಒಣಗಿದ ಮಣ್ಣೆಲ್ಲ ಕಣ್ಣಿಗೇ ಬೀಳುತ್ತದೆ. ಬೆಂಕಿ ಆರಿಸುವ ಒಂದು ಡ್ರೈ ಪೌಡರ್ ಸಿಲಿಂಡರ್ ಹತ್ತಿರ ಇರಲಿ.

ಸ್ಪೇರ್ ಪಾರ್ಟ್ ಎಲ್ಲಿ ತಂದಿರಿ? ಡೂಪ್ಲಿಕೇಟ್ ಅಂತ ಹೇಗೆ ಗೊತ್ತಾಗುತ್ತದೆ?

ಕ್ಲಚ್ ಪ್ಲೇಟ್, ಅದನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್, ಪೆಡಲ್ ತುಳಿದಾಗ ಆ ಹಿಡಿತ ಬಿಡಿಸುವ ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೇ ಬದಲಾಯಿಸಿ. ಬೇರಿಂಗ್ ಚೆನ್ನಾಗಿದೆ ಅಂತ ಹಳೆಯದನ್ನೇ ಹಾಕಿ, ಆರು ತಿಂಗಳಿಗೆ ಅದು ಕಿರುಚಿದರೆ ಮತ್ತೆ ಗೇರ್ ಬಾಕ್ಸ್ ಇಳಿಸಬೇಕು. ಜೊತೆಗೆ ಆಕ್ಸಲ್ (ಗೇರ್ ಬಾಕ್ಸಿನಿಂದ ಚಕ್ರಕ್ಕೆ ಹೋಗುವ ರಾಡ್) ಸೀಲ್, ಗೇರ್ ಆಯಿಲ್ ತನ್ನಿ.

ಬೆಂಗಳೂರಿನವರಿಗೆ ಸ್ಪೇರ್ ಅಂಗಡಿಗಳ ಜೆ.ಸಿ. ರಸ್ತೆ ಇದ್ದೇ ಇದೆ. ನಾವು ಒಂದು ಅಂಗಡಿಯಲ್ಲಿ ತಂದ ಪ್ಲೇಟಿನ ನಡುವಿನ ಹಲ್ಲು ನಮ್ಮ ಗೇರ್ ಬಾಕ್ಸಿನ ಶಾಫ್ಟಿಗೆ ಹೊಂದಲಿಲ್ಲ. ಡಬ್ಬದ ಮೇಲೆ 800 ಅಂತಲೇ ಇತ್ತು. ಹಳೇ ಪ್ಲೇಟಿನ ಪಕ್ಕ ಇಟ್ಟು ಹಲ್ಲು ಎಣಿಸಿದ್ದರಿಂದ ಹಾಕುವ ಮುಂಚೆಯೇ ಸಿಕ್ಕಿಬಿದ್ದಿತು. ಬಿಲ್ ಇತ್ತು, ಬದಲಾಯಿಸಿ ಕೊಟ್ಟರು. ಬಿಲ್ ಇಲ್ಲದೆ ತರಬೇಡಿ. ಹಳೆಯದನ್ನು ಹೊಸದರ ಜೊತೆ ಹೋಲಿಸದೆ ಹಾಕಬೇಡಿ.

ಗೇರ್ ಬಾಕ್ಸ್ ಇಳಿಸುವುದು ಹೇಗೆ? ಹಂತ ಹಂತವಾಗಿ ಹೇಳಿ.

ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುವಲ್ ಪಕ್ಕದಲ್ಲಿರಲಿ. ನಾನು ಹೇಳುವುದು ನಮ್ಮ ಕೆಲಸ ನಡೆದ ದಾರಿ.

ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಜೋಡಿಸುವಾಗ ಅದೇ ಕೊನೆ. ಚಕ್ರದ ನಟ್‌ಗಳನ್ನು ಕಾರು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲ ಮಾಡಿಕೊಳ್ಳಿ. ಆಮೇಲೆ ಎತ್ತಿ, ಸ್ಟ್ಯಾಂಡ್ ಕೂರಿಸಿ. ಗೇರ್ ಆಯಿಲನ್ನು ಬೇಸಿನ್ನಿಗೆ ಇಳಿಸಿ. ಆಯಿಲ್ ಇಳಿಸದೆ ಆಕ್ಸಲ್ ಎಳೆದರೆ ಅಷ್ಟೂ ಮುಖದ ಮೇಲೆ ಬರುತ್ತದೆ. ಕ್ಲಚ್ ಕೇಬಲ್, ಮೀಟರ್ ಕೇಬಲ್, ವೈರ್‌ಗಳು, ಸ್ಟಾರ್ಟರ್, ಗೇರ್ ರಾಡ್‌ಗಳನ್ನು ಬಿಡಿಸಿ. ಬಾಲ್ ಜಾಯಿಂಟ್ ಬಿಚ್ಚಿ ಚಕ್ರದ ಭಾಗವನ್ನು ಹೊರಕ್ಕೆ ಸರಿಸಿದರೆ ಆಕ್ಸಲ್ ತೆಗೆಯಲು ಜಾಗ ಸಿಗುತ್ತದೆ. ಆಕ್ಸಲನ್ನು ರಾಡ್ ಹಿಡಿದು ಎಳೆಯಬೇಡಿ, ಒಳಗಿನ ಜಾಯಿಂಟ್ ಬಿಚ್ಚಿಕೊಳ್ಳುತ್ತದೆ. ಗೇರ್ ಬಾಕ್ಸಿನ ಹತ್ತಿರವೇ ಲಿವರ್ ಕೊಟ್ಟು ಹೊರಗೆ ತೆಗೆಯಬೇಕು.

ಈಗ ಎಂಜಿನ್ನಿಗೆ ಆಸರೆ ಬೇಕು. ಆಯಿಲ್ ಸಂಪಿನ (ಎಂಜಿನ್ನಿನ ತಳದ ಎಣ್ಣೆ ತೊಟ್ಟಿ) ಕೆಳಗೆ ದಪ್ಪ ಮರದ ಹಲಗೆ, ಅದರ ಕೆಳಗೆ ಜಾಕ್. ಹಲಗೆ ಇಲ್ಲದಿದ್ದರೆ ಸಂಪಿನ ತಗಡು ನೆಗ್ಗುತ್ತದೆ. ಗೇರ್ ಬಾಕ್ಸನ್ನು ಕಾರಿಗೆ ಹಿಡಿದಿರುವ ಮೌಂಟ್ ಬಿಚ್ಚಿ, ಸುತ್ತಲಿನ ಬೋಲ್ಟ್ ಬಿಚ್ಚಿ, ಗೇರ್ ಬಾಕ್ಸನ್ನು ನೇರವಾಗಿ ಪಕ್ಕಕ್ಕೆ ಎಳೆಯಿರಿ. ಅಕ್ಕಿ ಚೀಲ ಹೊತ್ತಷ್ಟು ಭಾರ ಅನ್ನಿಸುತ್ತದೆ, ಹಿಡಿಯಲು ಎಲ್ಲೂ ಹಿಡಿತ ಸಿಗುವುದಿಲ್ಲ. ಇದಕ್ಕೆ ಮಾತ್ರ ಪಕ್ಕದ ಮನೆಯ ಹುಡುಗನನ್ನೂ ಕರೆದೆವು. ಎದೆಯ ಮೇಲೆ ಇಳಿಸಿಕೊಳ್ಳುವ ಸಾಹಸ ಬೇಡ, ಕೆಳಗೆ ಇನ್ನೊಂದು ಜಾಕ್ ಇರಲಿ.

ಪ್ರೆಷರ್ ಪ್ಲೇಟಿನ ಬೋಲ್ಟ್‌ಗಳನ್ನು ಎದುರು ಬದುರಾಗಿ, ಒಂದೊಂದು ಸುತ್ತು ಮಾತ್ರ ಸಡಿಲಿಸುತ್ತಾ ಬನ್ನಿ. ಒಳಗಿನ ಧೂಳನ್ನು ಬಾಯಲ್ಲಾಗಲಿ ಗಾಳಿ ಪಂಪಿನಲ್ಲಾಗಲಿ ಊದಬೇಡಿ. ಹಳೇ ಕ್ಲಚ್‌ಗಳಲ್ಲಿ ಆಸ್ಬೆಸ್ಟಸ್ ಇರಬಹುದು, ಅದು ಶ್ವಾಸಕೋಶಕ್ಕೆ ವಿಷ. ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆಯಿರಿ. ಆ ಹೊತ್ತಿಗೆ ಮಗಳನ್ನು ಒಳಗೆ ಕಳಿಸಿದ್ದೆವು.

ಫ್ಲೈವೀಲ್ (ಕ್ಲಚ್ ಪ್ಲೇಟ್ ಒತ್ತಿಕೊಳ್ಳುವ, ಎಂಜಿನ್ ತಿರುಗಿಸುವ ಭಾರದ ಚಕ್ರ) ಈಗ ಕಣ್ಣೆದುರಿಗೇ ಇರುತ್ತದೆ. ನೀಲಿ ಕಲೆ, ಬಿರುಕು, ಎಣ್ಣೆ ಜಿನುಗು ಇದೆಯಾ ನೋಡಿ. ಬಿರುಕಿದ್ದರೆ ಫ್ಲೈವೀಲ್ ಬದಲಾಯಿಸಬೇಕು. ಎಣ್ಣೆ ಜಿನುಗುತ್ತಿದ್ದರೆ ಎಂಜಿನ್ನಿನ ಮುಖ್ಯ ಶಾಫ್ಟಾದ ಕ್ರ್ಯಾಂಕಿನ ಹಿಂದಿನ ಸೀಲ್ ಈಗಲೇ ಹೊಸದು ಹಾಕಿ. ಇಲ್ಲದಿದ್ದರೆ ಹೊಸ ಪ್ಲೇಟಿಗೂ ಎಣ್ಣೆ ತಾಗಿ ಮತ್ತೆ ಜಾರುತ್ತದೆ.

ಹೊಸ ಪ್ಲೇಟನ್ನು ಯಾವ ಮುಖಕ್ಕೆ ಹಾಕಬೇಕು?

ಸಾಮಾನ್ಯವಾಗಿ ಸ್ಪ್ರಿಂಗ್ ಇರುವ ಉಬ್ಬು ಭಾಗ ಪ್ರೆಷರ್ ಪ್ಲೇಟಿನ ಕಡೆಗೆ ಬರುತ್ತದೆ. ಫ್ಲೈವೀಲ್ ಕಡೆ ಅಂತ ಪ್ಲೇಟಿನ ಮೇಲೇ ಬರೆದಿದ್ದರೆ ಅದನ್ನೇ ನಂಬಿ. ಹಳೆಯದು ಹೇಗಿತ್ತು ಅನ್ನುವ ಫೋಟೋ ಇಲ್ಲಿ ಕೆಲಸಕ್ಕೆ ಬರುತ್ತದೆ. ಗ್ರೀಸ್ ಆದ ಕೈಯಲ್ಲಿ ಪ್ಲೇಟ್ ಮುಟ್ಟಬೇಡಿ. ನಡುವಿಗೆ ಕೂರಿಸುವ ಕಡ್ಡಿ ಹಾಕಿ, ಬೋಲ್ಟ್‌ಗಳನ್ನು ಬಿಚ್ಚಿದ ಹಾಗೆಯೇ ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಕೊನೇ ಬಿಗಿ ಟಾರ್ಕ್ ವ್ರೆಂಚಿನಿಂದ.

ಗೇರ್ ಬಾಕ್ಸ್ ವಾಪಸ್ ಕೂರುತ್ತಲೇ ಇಲ್ಲ!

ನಮಗೆ ಇದಕ್ಕೇ ಎರಡೂವರೆ ಗಂಟೆ ಹಿಡಿಯಿತು. ಒಂದಿಂಚು ಬಾಕಿ ಇರುವಾಗ ಬೋಲ್ಟ್ ಹಾಕಿ ಎಳೆದುಬಿಡೋಣ ಅನ್ನಿಸುತ್ತದೆ. ಬೇಡ. ಗೇರ್ ಬಾಕ್ಸಿನಲ್ಲಿ ಬೋಲ್ಟ್ ಕೂರುವ ಕಿವಿ ಮುರಿಯುತ್ತದೆ. ಕೈಯಲ್ಲಿ ತಳ್ಳಿಯೇ ಎರಡೂ ಮುಖ ಸೇರಬೇಕು.

ಎಂಜಿನ್ನಿನ ಎತ್ತರ ನೋಡಿ. ಜಾಕನ್ನು ಕೂದಲೆಳೆಯಷ್ಟು ಏರಿಸಿ, ಇಳಿಸಿ. ಒಬ್ಬರು ಗೇರ್ ಬಾಕ್ಸನ್ನು ಮಟ್ಟಸವಾಗಿ ಹಿಡಿದಿರಲಿ, ಇನ್ನೊಬ್ಬರು ಕ್ರ್ಯಾಂಕ್ ಪುಲ್ಲಿಯನ್ನು ಸ್ಪ್ಯಾನರಿನಿಂದ ನಿಧಾನಕ್ಕೆ ತಿರುಗಿಸಲಿ. ಹಲ್ಲಿಗೆ ಹಲ್ಲು ಕೂತಾಗ ಟಕ್ ಅಂತ ಒಳಗೆ ಹೋಗುತ್ತದೆ. ಆ ತನಕ ಗೇರ್ ಬಾಕ್ಸನ್ನು ಅರ್ಧ ಶಾಫ್ಟಿನ ಮೇಲೆ ನೇತಾಡಲು ಬಿಡಬಾರದು, ಹೊಸ ಪ್ಲೇಟ್ ಸೊಟ್ಟಗಾಗುತ್ತದೆ. ಅಪ್ಪ ಇಲ್ಲಿ ಕುರ್ಚಿ ಬಿಟ್ಟು ಎದ್ದು ಬಂದು, ಬಾನೆಟ್ಟಿನೊಳಗೆ ಕೈ ಇಟ್ಟು, "ಒಂದು ನೂಲು ಮೇಲೆ" ಅಂದರು. ಸೇರಿತು. ಅವರ ಕೈಗೆ ಅದು ಗೊತ್ತಾಗಿತ್ತು, ನಮ್ಮ ಕಣ್ಣಿಗೆ ಕಂಡಿರಲಿಲ್ಲ.

ಒಟ್ಟು ಖರ್ಚು ಎಷ್ಟಾಯಿತು?

ಕ್ಲಚ್ ಸೆಟ್, ಸೀಲ್, ಆಯಿಲ್ ಸೇರಿ ನಮಗೆ ಮೂರೂವರೆ ಸಾವಿರದ ಒಳಗೆ. ಸ್ಟ್ಯಾಂಡಿಗೆ ಎರಡೂವರೆ ಸಾವಿರ, ಅದು ಮುಂದೆಯೂ ಇರುತ್ತದೆ. ಟೂಲ್ಸ್ ಏನೂ ಇಲ್ಲದೆ ಶುರು ಮಾಡುವವರಿಗೆ ಮೊದಲ ಕೆಲಸದಲ್ಲಿ ದುಡ್ಡು ಉಳಿಯುವುದಿಲ್ಲ.

ಚಿಕ್ಕ ಮಕ್ಕಳು ಹತ್ತಿರ ಇರಬಹುದಾ?

ಓದಲು ಬರೆಯಲು ಬರುವ, ಹೇಳಿದ ಮಾತು ಕೇಳುವ ಮಕ್ಕಳು ಇರಲಿ. ಕೆಲಸ ಕೊಡಿ. ಆದರೆ ಕಾರಿನ ಕೆಳಗೆ ಖಂಡಿತ ಇಲ್ಲ. ಅದಕ್ಕಿಂತ ಚಿಕ್ಕವರು ಮನೆ ಒಳಗೇ ಇರಲಿ. ಆಯಿಲ್, ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ತುಂಬಿದ ಬೇಸಿನ್ ಬಿಟ್ಟು ಹೋಗಬೇಡಿ. ಕೂಲೆಂಟ್ ರುಚಿ ಸಿಹಿ, ಮಕ್ಕಳೂ ನಾಯಿ ಬೆಕ್ಕುಗಳೂ ನೆಕ್ಕಬಹುದು. ಅದು ವಿಷ.

ಹಳೇ ಆಯಿಲ್ ಏನು ಮಾಡಬೇಕು?

ಕ್ಯಾನಿಗೆ ತುಂಬಿ ಗ್ಯಾರೇಜಿಗೆ ಕೊಡಿ, ಅಲ್ಲಿಂದ ಅದು ಮರುಬಳಕೆ ಮಾಡುವವರ ಕೈಗೆ ಹೋಗುತ್ತದೆಯಾ ಅಂತಲೂ ಕೇಳಿ. ಚರಂಡಿಗೆ, ತೆಂಗಿನ ಬುಡಕ್ಕೆ ಸುರಿಯಬೇಡಿ. ಗೆದ್ದಲಿಗೆ ಒಳ್ಳೆಯದು ಅಂತ ಸುರಿಯುವವರಿದ್ದಾರೆ. ಅದು ಇಳಿದು ಸೇರುವುದು ನಮ್ಮ ಬಾವಿ, ಬೋರ್‌ವೆಲ್ ನೀರನ್ನೇ.

ನಾವು ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಅಣ್ಣ ಅಮೆರಿಕದಲ್ಲಿದ್ದಾನೆ. ನಮಗೆ ಆಗುತ್ತದಾ?

ಬೇಸ್‌ಮೆಂಟಿನಲ್ಲಿ ಬೇಡ. ಎಂಜಿನ್ ಓಡಿಸಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ, ಅದಕ್ಕೆ ವಾಸನೆಯೇ ಇಲ್ಲ. ಊರಿಗೆ ಹೋದಾಗ ಅಂಗಳದಲ್ಲಿ ಮಾಡಿ. ಅಣ್ಣನಿಗೆ ಹೇಳಿ: ಅಲ್ಲಿ ಆಟೋಝೋನ್, ಓರೈಲಿಯಂಥ ಅಂಗಡಿಗಳಲ್ಲಿ ಡೆಪಾಸಿಟ್ ಇಟ್ಟರೆ ವಿಶೇಷ ಟೂಲ್ಸ್ ಎರವಲು ಸಿಗುತ್ತವೆ, ವಾಪಸ್ ಕೊಟ್ಟರೆ ದುಡ್ಡೂ ವಾಪಸ್. ಆದರೆ ಮನೆ ಮುಂದೆ ಕಾರು ಬಿಚ್ಚಲು ಅವನ ಬಡಾವಣೆಯ ನಿಯಮ ಬಿಡುತ್ತದೆಯಾ ಅಂತ ಮೊದಲು ನೋಡಲಿ.

ಇದಕ್ಕೆ ಆರ್‌ಟಿಒ ಅನುಮತಿ ಬೇಕಾ?

ಕ್ಲಚ್ ಬದಲಾಯಿಸಲು ಬೇಡ. ಎಂಜಿನ್ನನ್ನೇ ಬದಲಾಯಿಸಿದರೆ ಬೇಕು. ಆರ್‌ಸಿಯಲ್ಲಿ ಎಂಜಿನ್ ನಂಬರ್ ಇರುತ್ತದೆ, ಅಲ್ವಾ.

ಅರ್ಧಕ್ಕೆ ಸಿಕ್ಕಿಹಾಕಿಕೊಂಡರೆ?

ಮೆಕ್ಯಾನಿಕ್ಕನ್ನು ಮನೆಗೆ ಕರೆಯಿರಿ. ಶುರು ಮಾಡುವ ಮುಂಚೆಯೇ ಒಬ್ಬರಿಗೆ ಹೇಳಿಟ್ಟಿರಿ, ಬಂದರೆ ಕೂಲಿ ಕೊಡುತ್ತೇವೆ ಅಂತಲೂ ಹೇಳಿ. ಟಾರ್ಕ್ ವ್ರೆಂಚ್ ಕೊಟ್ಟವರಿಗೆ ನಾವು ಹೇಳಿಟ್ಟಿದ್ದೆವು. ಸಂಜೆ ಬೆಳಕು ಹೋದ ಮೇಲೆ ಕೆಲಸ ಮಾಡಬೇಡಿ. ಎರಡನೇ ದಿನ ಇನ್ನು ನಾಲ್ಕೇ ಬೋಲ್ಟ್ ಅಂತ ತಮ್ಮ ಹಟ ಹಿಡಿದ. ಅಪ್ಪ ಟಾರ್ಚ್ ಆರಿಸಿ ಒಳಗೆ ಹೋದರು. ಅದು ಸರಿ ಅಂತ ನನಗೆ ಈಗಲೂ ಅನ್ನಿಸುತ್ತದೆ. ಆ ನಾಲ್ಕು ಬೋಲ್ಟಿನಲ್ಲಿ ಒಂದು ಓರೆಯಾಗಿ ಹತ್ತಿಕೊಂಡಿದ್ದು ಬೆಳಗಿನ ಬಿಸಿಲಿನಲ್ಲಿ ಕಂಡಿತು.

ಎಲ್ಲ ಜೋಡಿಸಿದ ಮೇಲೆ ಏನೇನು ನೋಡಬೇಕು?

ಮೊದಲು ಗೇರ್ ಆಯಿಲ್, ಮ್ಯಾನ್ಯುವಲ್‌ನಲ್ಲಿ ಹೇಳಿದ ಗ್ರೇಡ್, ಹೇಳಿದ ಅಳತೆ. ಪೆಡಲಿನ ಸಡಿಲವನ್ನು ಕೇಬಲಿನಲ್ಲಿ ಸರಿ ಮಾಡಿ. ಚಕ್ರದ ನಟ್‌ಗಳನ್ನು ಕಾರು ಇಳಿಸಿದ ಮೇಲೆ ಎದುರು ಬದುರಾಗಿ ಬಿಗಿ ಮಾಡಿ. ಎಂಜಿನ್ ಆಫ್ ಇರುವಾಗ ಎಲ್ಲ ಗೇರ್ ಹಾಕಿ ನೋಡಿ, ಆಮೇಲೆ ಸ್ಟಾರ್ಟ್ ಮಾಡಿ. ಮೊದಲ ಓಟ ನಿಮ್ಮ ಬೀದಿಯಲ್ಲೇ, ಬ್ರೇಕ್ ಹಿಡಿಯುತ್ತದೆ ಅಂತ ಖಾತ್ರಿ ಮಾಡಿಕೊಂಡು. ಮೊದಲ ಕೆಲವು ನೂರು ಕಿಲೋಮೀಟರ್ ಘಾಟಿ, ಭಾರ, ಅರ್ಧ ಕ್ಲಚ್ಚಿನಲ್ಲಿ ನಿಲ್ಲಿಸುವುದು ಬೇಡ. ಸುಮಾರು 50 ಕಿಲೋಮೀಟರ್ ಆದ ಮೇಲೆ ಚಕ್ರದ ನಟ್ ಇನ್ನೊಮ್ಮೆ ನೋಡಿ.

ರಾತ್ರಿ ಕಾರಿನ ಕೆಳಗೆ ಬಿಳಿ ರಟ್ಟು ಹಾಸಿಡಿ. ಬೆಳಿಗ್ಗೆ ಎಣ್ಣೆ ಹನಿ ಬಿದ್ದಿದ್ದರೆ ಎಲ್ಲಿಂದ ಅಂತ ತಿಳಿಯುತ್ತದೆ. ನಾವು ಒಂದು ವಾರ ಹಾಸಿದೆವು. ದಿನಾ ಬೆಳಿಗ್ಗೆ ಹಾಲು ತರಲು ಹೋಗುವ ಮುಂಚೆ ಅಪ್ಪ ಅದನ್ನು ಎಳೆದು ನೋಡುತ್ತಿದ್ದರು.